ಜೀಪು ಬಾರದ ಊರು

ಶ್ರೀಶ, ಅನ್ವಿತಾ, ನಾನು ಲಂಡನ್ನಿನಿಂದ ಬಂದ ವಾರ ನೀವಿಬ್ಬರೂ ನನ್ನ ಫೋನನ್ನು ಉಜ್ಜಿ ಉಜ್ಜಿ ನೋಡಿದಿರಿ. ದೊಡ್ಡ ಗಡಿಯಾರವೂ ಇಲ್ಲ, ರಾಣಿಯ ಅರಮನೆಯೂ ಇಲ್ಲ, ಹನ್ನೊಂದು ವಾರ ಅಜ್ಜಿ ಅಲ್ಲಿ ಮಾಡಿದ್ದಾದರೂ ಏನು ಎಂದು ನಗಾಡಿದಿರಿ. ನಾನೂ ನಕ್ಕು ಸುಮ್ಮನಾದೆ. ನಾಲ್ಕು ಜನರ ಎದುರು ಬಾಯಿ ತೆರೆಯುವುದು ನನಗೆ ಮೊದಲಿನಿಂದಲೂ ಕಷ್ಟ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತದ್ದರಿಂದ ಬರೆಯಲು ಬರುತ್ತದೆ, ಅಷ್ಟೇ. ಅದಕ್ಕೆ ಬರೆಯುತ್ತಿದ್ದೇನೆ. ಅಲ್ಲಿ ನಾನೊಂದು ತಪ್ಪು ಮಾಡಿ ಬಂದಿದ್ದೇನೆ. ಅದು ಇನ್ನು ಸರಿಹೋಗುವಂಥದ್ದಲ್ಲ. ನಿಮಗೆ ಗೊತ್ತಿರಲಿ.

ಹೀಥ್ರೂವಿನಿಂದ ಫ್ಲಾಟಿಗೆ

ನನ್ನ ತಂಗಿ ಗಿರಿಜೆ ನಿಮಗೆ ಚಿಕ್ಕಜ್ಜಿ. ಮದುವೆಯಾದದ್ದೇ ಲಂಡನ್ನಿಗೆ ಹೋದವಳು. ಅವಳ ಗಂಡ ಅಲ್ಲಿ ಉಡುಪಿಯವರೊಬ್ಬರ ಹೋಟೆಲಿನಲ್ಲಿ ಅಡುಗೆಗಿದ್ದರು, ಈಗ ತೀರಿಕೊಂಡಿದ್ದಾರೆ. ಗಿರಿಜೆ ವಿಮಾನದವರಿಗೆ ಊಟದ ಟ್ರೇ ತುಂಬುವ ಕೆಲಸದಲ್ಲಿ ಬಹಳ ವರ್ಷ ದುಡಿದಳು. ಬಸ್ಸಿನ ಡ್ರೈವರನ ಹತ್ತಿರ ಇಂಗ್ಲಿಷಿನಲ್ಲೇ ಜಗಳವಾಡುವಷ್ಟು ಗಟ್ಟಿಗಿತ್ತಿ. ಹೋದ ವರ್ಷ ಅವಳಿಗೆ ಸ್ಟ್ರೋಕ್ ಆಯಿತು. ಕೈಕಾಲು ಸುಮಾರಾಗಿ ಸರಿಯಾದವು. ಆದರೆ ಅವಳ ಮಗಳು ವಿದ್ಯಾ ಫೋನು ಮಾಡಿ, "ದೊಡ್ಡಮ್ಮ, ಅಮ್ಮಂಗೆ ಇಂಗ್ಲಿಷ್ ಪೂರಾ ಹೋಯ್ತ್. ಕನ್ನಡ ಮಾತ್ರ ಉಳ್ದಿತ್. ನಾನ್ ಶಿಫ್ಟಿಗೆ ಹೋರೆ ಇಡೀ ದಿನ ಯಾರ್ ಹತ್ರ ಮಾತಾಡ್ತ್ರ್? ಒಂದ್ಸಲ ಬನ್ನಿ" ಎಂದಳು. ಹಾಗೆ ನಾನು ಹೊರಟದ್ದು.

ವಿದ್ಯಾಳಿಗೆ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಬ್ಯಾಗು ತಪಾಸಣೆಯ ಕೆಲಸ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಅವರ ಫ್ಲಾಟು ಫೆಲ್ಥಮ್ ದಾಟಿದ ಮೇಲೆ, ಎರಡನೆಯ ಮಹಡಿಯಲ್ಲಿ. ಅದು ಲಂಡನ್ ಎಂದು ಹೇಳಿದರೆ ನೀವು ನಂಬುವುದಿಲ್ಲ. ನಮ್ಮಲ್ಲಿ ಎಲ್ಲಿ ನಿಂತರೂ ಒಂದು ಕಡೆ ಗುಡ್ಡ, ಒಂದು ಕಡೆ ಕಡಲು. ದಿಕ್ಕು ತಪ್ಪುವ ಪ್ರಶ್ನೆ ಇಲ್ಲ. ಅಲ್ಲಿ ನೆಲ ದೋಸೆ ಕಾವಲಿಯ ಹಾಗೆ ಚಪ್ಪಟೆ. ಒಂದೇ ಥರದ ಇಟ್ಟಿಗೆ ಮನೆಗಳ ಸಾಲು, ಆಚೆ ಕುದುರೆ ಮೇಯುವ ಬಯಲು, ಜಲ್ಲಿ ತೆಗೆದು ಬಿಟ್ಟ ಹೊಂಡಗಳಲ್ಲಿ ನಿಂತ ನೀರು, ಅದರಲ್ಲಿ ಬಾತುಕೋಳಿ. ಎಲ್ಲದರ ಮೇಲೆ ವಿಮಾನ. ಒಂದು ಹೋಗಿ ಮುಗಿಯುವಷ್ಟರಲ್ಲಿ ಇನ್ನೊಂದು. ವಿಮಾನ ಬರುವಾಗ ಅಲ್ಲಿಯವರು ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಶಬ್ದದಿಂದಲೇ ಮುಂದುವರಿಸುತ್ತಾರೆ.

ಎರಡನೆಯ ವಾರ ನಾನು ಬಾಳೆಹಣ್ಣಿನ ಸಿಪ್ಪೆ, ತರಕಾರಿ ಸಿಪ್ಪೆ ಎಲ್ಲ ಒಯ್ದು ಕೆಳಗಿನ ಗುಲಾಬಿ ಗಿಡದ ಬುಡಕ್ಕೆ ಹಾಕಿದೆ. ಗಿಡಕ್ಕೆ ಒಳ್ಳೆಯದಲ್ಲವೇ? ನಾಲ್ಕು ದಿನ ಬಿಟ್ಟು ವಿದ್ಯಾಳ ಹೆಸರಿಗೆ ಲಕೋಟೆಯೊಂದು ಬಂತು. ದಯವಿಟ್ಟು ಹಾಗೆ ಮಾಡಬೇಡಿ, ಇಲಿ ಬರುತ್ತದೆ ಎಂದು ಟೈಪು ಮಾಡಿದ ಪತ್ರ. ಬರೆದವರು ಯಾರು ಗೊತ್ತೇ? ಕೆಳಗಿನ ಮನೆಯ ಮುದುಕ. ನಾನು ಸಿಪ್ಪೆ ಹಾಕುವಾಗ ಕಿಟಕಿಯಿಂದ ಕೈಬೀಸಿ ನಕ್ಕವನು ಅವನೇ. ನಮ್ಮಲ್ಲಾದರೆ ಅಂಗಳದಿಂದಲೇ ಕೂಗಿ ಹೇಳುತ್ತಿದ್ದರು, ಎರಡು ದಿನ ಮಾತು ಬಿಟ್ಟು ಮೂರನೆಯ ದಿನ ಮಜ್ಜಿಗೆ ಕೇಳಲು ಬರುತ್ತಿದ್ದರು. ಅಲ್ಲಿ ಮುಖದ ಮೇಲೆ ನಗು, ಮಾತೆಲ್ಲ ಕಾಗದದ ಮೇಲೆ. ಆ ಪತ್ರದಿಂದ ನಾನು ಕಲಿಯಬೇಕಿತ್ತು. ಕಲಿಯಲಿಲ್ಲ.

ವಯಸ್ಸಾದವರ ಹಾಲ್, ಮಂಗಳವಾರ

ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಿಳಿ ವ್ಯಾನೊಂದು ಬಂದು ಗಿರಿಜೆಯನ್ನು ವಯಸ್ಸಾದವರು ಹಗಲು ಸೇರುವ ಹಾಲ್‌ಗೆ ಕರೆದೊಯ್ಯುತ್ತಿತ್ತು. ಕೌನ್ಸಿಲ್ ನಡೆಸುತ್ತಿದ್ದ ದೊಡ್ಡ ಕೋಣೆ ಅದು, ಮಧ್ಯಾಹ್ನ ಒಂದು ಗಂಟೆಗೆ ಅಲ್ಲೇ ಊಟ ಬಡಿಸುತ್ತಿದ್ದರು. ಕೌನ್ಸಿಲ್ ಎಂದರೆ ನಮ್ಮ ಪಂಚಾಯಿತಿ ಇದ್ದ ಹಾಗೆ, ಆದರೆ ಒಂದು ತಾಲೂಕಿನಷ್ಟು ದೊಡ್ಡದು. ನಾನೂ ಜೊತೆಗೆ ಹೋಗತೊಡಗಿದೆ.

ಫ್ಲಾಟಿನಲ್ಲಿ ಗಿರಿಜೆ ಗೋಡೆ ನೋಡುತ್ತ ಕೂರುವವಳು. ವ್ಯಾನು ಹತ್ತಿದ ಕೂಡಲೇ ಬೇರೆಯೇ ಹೆಂಗಸಾಗುತ್ತಿದ್ದಳು. ಕಾರಣ ಶಾಂತವ್ವ. ಶಾಂತವ್ವ ಹುಬ್ಬಳ್ಳಿ ಕಡೆಯವಳು. ಮಗನ ಮನೆಯಲ್ಲಿರುವುದು, ಎರಡೂ ಮಂಡಿ ಹೋಗಿವೆ. ಇಡೀ ಹಾಲಿನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ. ಬೇರೆಬೇರೆ ಕನ್ನಡ, ದಿನವೂ ಜಗಳ.

"ನಿಮ್ಮ ಕಡೆಯವ್ರದ್ದು ಎಲ್ಲಾದಕ್ಕೂ ಕೊಬ್ರಿ ಎಣ್ಣಿ ನೋಡ್ರಿ," ಎಂದು ಶಾಂತವ್ವ ಶುರುಮಾಡುವಳು. "ತಲಿಗೂ ಅದ, ಪಲ್ಯಕ್ಕೂ ಅದ."

ಗಿರಿಜೆಗೆ ಮಾತು ನಿಧಾನ. ಹುಡುಕಿ ಹುಡುಕಿ ತೆಗೆಯುವಳು. "ನೀವ್... ರೊಟ್ಟಿ ತಟ್ಟೂ ಶಬ್ದಕ್ಕೆ... ಇಮಾನ ಹೆದ್ರಿ ಕೆಳಗ್ ಇಳೀತ್ ಶಾಂತಕ್ಕ."

ಶಾಂತವ್ವ ತೊಡೆ ಬಡಿದುಕೊಂಡು ನಗುವಳು. ಅದೇ ಗಿರಿಜೆಗೆ ಔಷಧ. ಮಂಗಳವಾರ ಸಂಜೆ ಮನೆಗೆ ಬಂದ ಮೇಲೂ ಎರಡು ಮಾತು ಹೆಚ್ಚು ಆಡುತ್ತಿದ್ದಳು. ಸೋಮವಾರದ ಹೊತ್ತಿಗೆ ಪುನಃ ಗೋಡೆ.

ಉಳಿದವರು ಪಂಜಾಬಿನ ಹೆಂಗಸರು, ನೇಪಾಳದ ಇಬ್ಬರು, ಒಬ್ಬಳು ಪೋಲೆಂಡಿನವಳು, ನಾಲ್ಕೈದು ಇಂಗ್ಲಿಷ್ ಮುದುಕಿಯರು. ನಮ್ಮೂರಿನಲ್ಲಿ ಜನ ಕೇಳಿದರೆ ಮನೆಯ ಹೆಸರು ಹೇಳುತ್ತೇವೆ, ಮೇಲ್ಮನೆ, ಬೆಟ್ಟಿನ ಮನೆ ಎಂದು. ಅಲ್ಲಿ ಯಾರನ್ನು ಕೇಳಿದರೂ ಮೊದಲು ಬೇರೆ ದೇಶದ ಹೆಸರು, ಆಮೇಲೆ ಬಸ್ಸಿನ ನಂಬರು.

ಹಾಲ್ ನೋಡಿಕೊಳ್ಳುತ್ತಿದ್ದವಳು ಜಾನೆಟ್, ಐವತ್ತು ದಾಟಿದ ಹೆಂಗಸು. ಗೋಡೆಯ ಮೇಲಿನ ನಕ್ಷೆಯನ್ನು ಅವಳು ನನಗೊಮ್ಮೆ ತೋರಿಸಿದಳು. ವಿದ್ಯಾ ಅಂದು ಜೊತೆಗಿದ್ದು ಬಿಡಿಸಿ ಹೇಳಿದಳು. ಕೌನ್ಸಿಲಿನ ಜಾಗ ಉದ್ದಕ್ಕೆ ಚಾಚಿದೆ. ಒಂದು ತುದಿಯಲ್ಲಿ ದೊಡ್ಡ ನದಿ, ದೊಡ್ಡ ಮನೆ, ತೋಟ. ಇನ್ನೊಂದು ತುದಿಯಲ್ಲಿ ವಿಮಾನ ಮತ್ತು ನಾವು. ಒಂದೊಂದು ವಾರ್ಡಿಗೂ ಆರಿಸಿ ಬಂದ ಸದಸ್ಯರಿದ್ದಾರೆ. ವಿಮಾನ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಹಣ್ಣಿನ ತೋಟಗಳಿದ್ದವಂತೆ, ಜಾನೆಟ್‌ಳ ಅಜ್ಜ ಅಲ್ಲಿ ಸೇಬು ಕೊಯ್ಯುತ್ತಿದ್ದನಂತೆ. ಅದನ್ನು ಹೇಳುವಾಗ ಅವಳು ವಿಮಾನವೊಂದು ದಾಟುವವರೆಗೆ ಕಾದಳು.

ಸೌತ್‌ಹಾಲ್

ಒಂದು ಗುರುವಾರ ಹಾಲಿನವರು ನಮ್ಮೆಲ್ಲರನ್ನೂ ವ್ಯಾನಿನಲ್ಲಿ ಸೌತ್‌ಹಾಲ್ ಎಂಬ ಪೇಟೆಗೆ ಕರೆದುಕೊಂಡು ಹೋದರು. ಅಲ್ಲಿಯ ದೊಡ್ಡ ರಸ್ತೆಯಲ್ಲಿ ನಡೆದರೆ ಪಂಜಾಬಿಗೆ ಹೋದ ಹಾಗೆ. ಅಂಗಡಿಯ ಹೊರಗೆ ಪೆಟ್ಟಿಗೆಯಲ್ಲಿ ತೊಂಡೆಕಾಯಿ, ಹಾಗಲ, ಕೆಸುವಿನ ಎಲೆ ಕೂಡ. ಗಿರಿಜೆ ಕೆಸುವಿನ ಎಲೆ ಎತ್ತಿ ಮೂಸಿ, "ಅಕ್ಕ, ಪತ್ರೊಡೆ ಮಾಡುವಾ" ಎಂದಳು. ಸ್ಟ್ರೋಕ್ ಆದ ಮೇಲೆ ಅವಳಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ನಾನು ಅಂಗಡಿಯೆದುರೇ ಕಣ್ಣು ಒರೆಸಿಕೊಂಡೆ.

ವಾಪಸು ಬರುವಾಗ ವ್ಯಾನಿನಲ್ಲಿ ಜಾನೆಟ್ ಎಲ್ಲರಿಗೂ ಒಂದೊಂದು ಫಾರಂ ಹಂಚಿದಳು. ಕೌನ್ಸಿಲ್ ಈ ಹಾಲನ್ನು ಮುಚ್ಚುವ ಯೋಚನೆಯಲ್ಲಿದೆ, ನದಿ ಕಡೆಯ ಹಾಲೊಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಅಷ್ಟು ದೂರ ವ್ಯಾನು ಬರುವುದಿಲ್ಲ, ನಿಮ್ಮ ಅಭಿಪ್ರಾಯ ಬರೆದು ಕೊಡಿ ಎಂದಳು. ಪಂಜಾಬಿ ಹೆಂಗಸೊಬ್ಬಳು ಅದನ್ನು ಹಿಂದಿಯಲ್ಲಿ ಹೇಳಿದಳು, ಶಾಂತವ್ವ ಕನ್ನಡದಲ್ಲಿ. ಗಿರಿಜೆ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಪೂರ್ತಿ ಅರ್ಥವಾಗಿತ್ತು.

"ಇದನ್ನ ತುಂಬಿದ್ರ ಏನಾಗ್ತದರಿ?" ಎಂದಳು ಶಾಂತವ್ವ. "ಕಸದ ಬುಟ್ಟಿಗೆ ಹೋಗ್ತದ."

ಮಕ್ಕಳೇ, ನಾನು ಯಾವ ಸಭೆಯಲ್ಲೂ ಬಾಯಿ ತೆರೆದವಳಲ್ಲ. ಗ್ರಾಮಸಭೆಯಲ್ಲಿ ಹಿಂದಿನ ಕಂಬದ ಬಳಿ ಕೂತು ಎದ್ದು ಬಂದವಳು. ಆದರೆ ಆ ದಿನ ನನಗೆ ನಮ್ಮೂರ ಕಾಲುಸಂಕ ನೆನಪಾಯಿತು. ನೀವು ಶಾಲೆಗೆ ಹೋಗುವಾಗ ಹಳ್ಳ ದಾಟುವ ಸಣ್ಣ ಸೇತುವೆ ಅದು. ಮೊದಲು ಅಲ್ಲಿ ಎರಡು ಅಡಿಕೆ ಮರ ಹಾಸಿದ್ದರು. ಎಷ್ಟು ಅರ್ಜಿ ಕೊಟ್ಟರೂ ಆಗದೆ, ಒಂದು ಚುನಾವಣೆಗೆ ಊರವರೆಲ್ಲ ಮತ ಹಾಕುವುದಿಲ್ಲವೆಂದು ಕೂತರು. ನಿಮ್ಮ ಅಜ್ಜನೇ ಬ್ಯಾನರು ಕಟ್ಟಿದ್ದು. ಬೂತು ಖಾಲಿ. ಮಧ್ಯಾಹ್ನದೊಳಗೆ ತಹಶೀಲ್ದಾರರ ಜೀಪು ಬಂತು, ಹಿಂದೆ ಇನ್ನೊಂದು ಜೀಪು. ನಮ್ಮ ಜಗುಲಿಯಲ್ಲಿ ಕೂತು ಕೈಮುಗಿದು ಕೇಳಿದರು. ನಾನು ಚಾ ಕೊಟ್ಟೆ. ಮುಂದಿನ ವರ್ಷ ಸಂಕ ಆಯಿತು.

ಇದನ್ನು ವ್ಯಾನಿನಲ್ಲಿ ಹೇಳಿದೆ. ಚಾ ಕೊಟ್ಟದ್ದಷ್ಟೇ ನನ್ನ ಕೆಲಸ ಎನ್ನುವುದನ್ನು ಮಾತ್ರ ಹೇಳಲಿಲ್ಲ. "ಕಾಗ್ದ ಮುಟ್ಟೂಕೇ ಹೋಪುದ್ ಬೇಡ," ಎಂದೆ. "ಎಲ್ಲರ ಕಾಗ್ದ ಕೊಟ್ರೆ ಅವ್ರಿಗೆ ಕೆಲ್ಸ ಮುಗೀತ್. ಒಂದೂ ಹೋಗ್ದೇ ಇದ್ರೆ ಹೆದ್ರ್ತ್ರ್. ಓಡಿ ಬತ್ರ್."

ಶಾಂತವ್ವ ನನ್ನ ಬೆನ್ನು ತಟ್ಟಿದಳು. "ಅಯ್ಯ, ಇಷ್ಟು ದಿನ ಬಾಯಾಗ ಏನ್ ಇಟ್ಕೊಂಡಿದ್ರಿ ಅಕ್ಕಾರ? ಭಾಳ ಶಾಣ್ಯಾ ಇದ್ದೀರಿ!" ಪಂಜಾಬಿಯವರಿಗೂ ಆಕೆಯೇ ಹಿಂದಿಯಲ್ಲಿ ಹೇಳಿದಳು. ಅವರಿಗೂ ಊರಿನಲ್ಲಿ ಬಹಿಷ್ಕಾರ ಕಂಡು ಗೊತ್ತಿತ್ತು. ತಲೆದೂಗಿದರು. "ಜಾನೆಟ್‌ಗೆ ಹೇಳಬ್ಯಾಡ್ರಿ ಮತ್ತ. ಎಷ್ಟಂದ್ರೂ ಕೌನ್ಸಿಲ್ ಪಗಾರದಾಕಿ," ಎಂದು ಶಾಂತವ್ವ ಪಿಸುಗುಟ್ಟಿದಳು.

ಇಂಗ್ಲಿಷ್ ಮುದುಕಿಯರನ್ನು ಬಿಟ್ಟು ಎಲ್ಲರೂ ಫಾರಂ ಮಡಚಿ ಚೀಲಕ್ಕೆ ಹಾಕಿದರು. ನನ್ನ ಮಾತಿಗೆ ಅಷ್ಟು ಜನ ಹೂಂಗುಟ್ಟಿದ್ದು ನನ್ನ ಜನ್ಮದಲ್ಲೇ ಮೊದಲು. ಆ ಸಂತೋಷಕ್ಕೆ ಇವತ್ತು ನಾಚಿಕೆಯಾಗುತ್ತದೆ.

ಎರಡು ದಿನದ ಮೇಲೆ ಅದೇ ಫಾರಂ ಅಂಚೆಯಲ್ಲಿ ಗಿರಿಜೆಯ ಹೆಸರಿಗೂ ಬಂತು. ವಿದ್ಯಾ ಕೆಲಸಕ್ಕೆ ಹೋಗಿದ್ದಳು. ಅವಳು ನೋಡಿದರೆ ತುಂಬಿ ಕಳಿಸಿಬಿಟ್ಟಾಳು, ನಮ್ಮ ಒಗ್ಗಟ್ಟು ಮುರಿದೀತು ಎಂದು ಅದನ್ನೂ ವ್ಯಾನಿನಲ್ಲಿ ಕೊಟ್ಟದ್ದನ್ನೂ ನನ್ನ ಸೂಟ್‌ಕೇಸಿನ ಅಡಿಯಲ್ಲಿ ಇಟ್ಟೆ.

ಲೈಬ್ರರಿ, ಶನಿವಾರ

ಮೂರು ವಾರ ಜಾನೆಟ್ ಕೇಳಿದಳು. ಕೊನೆಯ ವಾರ ಪ್ಲೀಸ್, ಪ್ಲೀಸ್ ಎಂದು ಒಬ್ಬೊಬ್ಬರ ಎದುರೂ ಬಗ್ಗಿ ಕೇಳಿದಳು. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಬೇಡ ಎಂದೆ. ಜಾನೆಟ್‌ಳ ಮುಖ ಸಣ್ಣದಾದಾಗ, ನೋಡು, ಮೇಲಿನವರಿಗೆ ಬಿಸಿ ಮುಟ್ಟಿದೆ ಎಂದುಕೊಂಡೆ.

ಆ ಶನಿವಾರ ವಿದ್ಯಾ ಪುಸ್ತಕ ಹಿಂದಿರುಗಿಸಲು ಲೈಬ್ರರಿಗೆ ಹೋಗುವಾಗ ನಾನೂ ಹೋದೆ. ಮೂಲೆಯ ಮೇಜಿನ ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ಅವಳು ಆ ವಾರ್ಡಿನ ಕೌನ್ಸಿಲ್ ಸದಸ್ಯೆ. ತಿಂಗಳಿಗೊಮ್ಮೆ ಜನರ ದೂರು ಕೇಳಲು ಕೂರುತ್ತಾಳೆ ಎಂದು ವಿದ್ಯಾ ಹೇಳಿದಳು. ನಾವಿದ್ದಷ್ಟು ಹೊತ್ತು ಬಂದದ್ದು ಒಬ್ಬನೇ, ಅದೂ ಕಸದ ಡಬ್ಬಿಯ ಮುಚ್ಚಳ ಮುರಿದದ್ದಕ್ಕೆ. ನಮ್ಮಲ್ಲಿ ಜನ ಪಂಚಾಯಿತಿ ಸದಸ್ಯರನ್ನು ಬೆಳಿಗ್ಗೆ ಹಲ್ಲುಜ್ಜಲೂ ಬಿಡುವುದಿಲ್ಲ. ಇವಳಿಗೆ ಪೊಲೀಸಿಲ್ಲ, ಹಿಂಬಾಲಕರಿಲ್ಲ, ಮನೆಯಿಂದ ತಂದ ಬ್ರೆಡ್ಡು ತಿನ್ನುತ್ತ ಒಬ್ಬಳೇ ಕೂತಿದ್ದಳು. ನನಗೆ ಪಾಪ ಎನಿಸಿತು.

ನಾನು ನೋಡುತ್ತಿರುವುದನ್ನು ಕಂಡು ಅವಳು ಏನೋ ಕೇಳಿದಳು.

"ದೊಡ್ಡಮ್ಮ, ನಿಮಗೆ ಎಂತಾರು ಹೇಳೂಕಿತ್ತಾ ಅಂತ ಕೇಂತಿದ್ರ್. ಹೇಳಿ, ನಾನ್ ಇಂಗ್ಲಿಷಲ್ಲ್ ಹೇಳ್ತೆ," ಎಂದಳು ವಿದ್ಯಾ.

ಹೇಳಲು ಇತ್ತು. ಗಿರಿಜೆಗೆ ಇಂಗ್ಲಿಷ್ ಹೋಗಿದೆ, ವಾರದಲ್ಲಿ ಎರಡು ದಿನ ಅವಳಿಗೆ ಬಾಯಿ ಬರುತ್ತದೆ, ಆ ಎರಡು ದಿನವನ್ನು ಕಿತ್ತುಕೊಳ್ಳಬೇಡಿ. ಅಷ್ಟೇ ಸಾಕಿತ್ತು. ಆದರೆ ಈಗ ಹೇಳಿದರೆ ನಾವಾಗಿ ಸೋತ ಹಾಗೆ, ಅವರಾಗಿ ಬರಬೇಕು ಎಂದು ನನ್ನ ತಲೆಯಲ್ಲಿತ್ತು. ಜೊತೆಗೆ ಹುಟ್ಟಿನಿಂದ ಬಂದ ನಾಚಿಕೆ. ಸೆರಗು ಎಳೆದುಕೊಂಡು ನಕ್ಕು, ಏನೂ ಇಲ್ಲವೆಂದು ತಲೆಯಾಡಿಸಿದೆ. ಅವಳೂ ನಕ್ಕು, ಬ್ರೆಡ್ಡು ಮುಗಿಸಿದಳು.

ಅದಾದ ಮೇಲೆ ದಿನವೂ ಕಿಟಕಿಯಲ್ಲಿ ನಿಂತು ರಸ್ತೆ ನೋಡುತ್ತಿದ್ದೆ. ಅಧಿಕಾರಿಗಳು ಬಂದರೆ ಎಂದು ಒಂದು ಡಬ್ಬಿ ಚಕ್ಕುಲಿಯನ್ನೂ ಮಾಡಿಟ್ಟೆ. ಮಕ್ಕಳೇ, ಅದನ್ನು ಕೊನೆಗೆ ನಾವೇ ತಿಂದೆವು.

ಕೌನ್ಸಿಲ್ ಕಟ್ಟಡ

ನಿರ್ಧಾರದ ಸಭೆಗೆ ಯಾರು ಬೇಕಾದರೂ ಹೋಗಿ ಕೂರಬಹುದಿತ್ತು. ಹಾಲಿನ ಬಾಗಿಲಿಗೆ ಅಂಟಿಸಿದ ನೋಟಿಸಿನಿಂದ ವಿಷಯ ತಿಳಿದ ವಿದ್ಯಾ ರಜೆ ಹಾಕಿದಳು. ಗಿರಿಜೆಯನ್ನು ಶಾಂತವ್ವನ ಸೊಸೆಯ ಬಳಿ ಬಿಟ್ಟು ನಾವಿಬ್ಬರೂ ಎರಡು ಬಸ್ಸು ಬದಲಿಸಿ ಹೋದೆವು. ಗಾಜಿನ ಕಟ್ಟಡ. ಒಳಗೆ ಗಂಭೀರವಾದ ಒಳ್ಳೆಯ ಜನ. ಯಾರೂ ಕೂಗಲಿಲ್ಲ, ಮೇಜು ಗುದ್ದಲಿಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ನೀರು ಕುಡಿಯುವುದನ್ನೂ ಮೆಲ್ಲಗೆ ಮಾಡುತ್ತಿದ್ದರು. ಪಾರ್ಕಿಂಗ್ ವಿಷಯಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ನಮ್ಮ ಹಾಲಿನ ಸರದಿ.

ಒಬ್ಬ ಅಧಿಕಾರಿ ಓದಿದ. ವಿದ್ಯಾ ನನ್ನ ಕಿವಿಯಲ್ಲಿ ಹೇಳುತ್ತ ಬಂದಳು. ಹಾಲಿಗೆ ಬರುವ ಎಲ್ಲರಿಗೂ ಫಾರಂ ಕೊಟ್ಟಿದ್ದೇವೆ, ಮನೆಗೂ ಕಳಿಸಿದ್ದೇವೆ. ನದಿ ಕಡೆಯ ಹಾಲಿನವರು ಕಟ್ಟುಗಟ್ಟಲೆ ಬರೆದಿದ್ದಾರೆ. ಈ ಹಾಲಿನಿಂದ ಬಂದದ್ದು ಇಬ್ಬರು ಇಂಗ್ಲಿಷ್ ಮುದುಕಿಯರದ್ದು ಮಾತ್ರ. ಉಳಿದವರಿಗೆ ಮುಚ್ಚಿದರೂ ತೊಂದರೆಯಿಲ್ಲ ಎಂದು ಕಾಣುತ್ತದೆ.

ಲೈಬ್ರರಿಯಲ್ಲಿ ಕಂಡ ಸದಸ್ಯೆ ಎದ್ದು, ತನ್ನ ಬಳಿಯೂ ಯಾರೂ ಬಂದು ಹೇಳಲಿಲ್ಲ ಎಂದಳು. ಅವಳ ದನಿಯಲ್ಲಿ ಬೇಸರವಿತ್ತು. ಆಮೇಲೆ ಮುಚ್ಚುವುದೆಂದು ಕೈ ಎತ್ತಿದರು. ಮುಗಿಯಿತು. ನಾನು ಸೆರಗಿನ ತುದಿ ಬೆರಳಿಗೆ ಸುತ್ತಿದ್ದು ಬಿಚ್ಚುವಷ್ಟರಲ್ಲಿ ಅವರು ಮುಂದಿನ ವಿಷಯಕ್ಕೆ ಹೋಗಿದ್ದರು.

ನಮ್ಮಲ್ಲಿ ಖಾಲಿ ಬೂತು ಎಂದರೆ ಅಧಿಕಾರಿಗಳ ಮಾನ ಹೋಗುವ ವಿಷಯ. ಅಲ್ಲಿ ಖಾಲಿ ಎಂದರೆ ಖಾಲಿ, ಅಷ್ಟೇ. ಇದು ನನಗೆ ಆ ಕುರ್ಚಿಯಲ್ಲಿ ಕೂತಾಗ ತಿಳಿಯಿತು.

ಬಸ್ ಸ್ಟಾಪಿನಲ್ಲಿ ವಿದ್ಯಾ ಸಿಟ್ಟಿಗೆದ್ದಳು. "ಸುಳ್ಳ್ ಹೇಳ್ತ್ರ್ ದೊಡ್ಡಮ್ಮ! ಮನಿಗೆ ಕಳ್ಸಿದ್ರಂತೆ. ನಮಗೆ ಎಲ್ಲಿ ಬಂತ್? ನಾಳೆಯೇ ಕಂಪ್ಲೇಂಟ್ ಬರೀತೆ."

ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿರುವುದು ರೂಢಿ. ಆದರೆ ಆ ಹುಡುಗಿ ಸುಳ್ಳಿಗೆ ಹೋರಾಡಲು ಹೊರಟಿದ್ದಳು. "ಬಂದಿತ್ ಮಗಾ," ಎಂದೆ. "ನನ್ನ ಸೂಟ್‌ಕೇಸಲ್ಲಿತ್." ಆಮೇಲೆ ಸಂಕ, ಜೀಪು, ವ್ಯಾನಿನಲ್ಲಿ ನಾನು ಆಡಿದ್ದು, ಎಲ್ಲ ಹೇಳಿದೆ.

ನಮ್ಮ ಬಸ್ಸು ಬಂದು ಹೋಯಿತು, ಹತ್ತಲಿಲ್ಲ.

"ಇಲ್ಲಿ ಯಾರೂ ಬತ್ತಿಲ್ಲೆ ದೊಡ್ಡಮ್ಮ," ಎಂದಳು ಕೊನೆಗೆ. "ಇಲ್ಲಿ ನೀವ್ ಹೇಳ್ದಿದ್ರೆ, ನೀವ್ ಇಲ್ಲ ಅಂತ ಲೆಕ್ಕ." ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕಟ್ಟಡದ ಬಾಗಿಲ ಮೆಟ್ಟಿಲು ಹತ್ತುವಾಗ ದಿನವೂ ನನ್ನ ಕೈ ಹಿಡಿದು ಹತ್ತಿಸುತ್ತಿದ್ದವಳು ಆ ದಿನ ಮುಂದೆ ಹೋದಳು.

ಶಾಂತವ್ವನಿಗೆ ಫೋನಿನಲ್ಲಿ ಹೇಳಿ, ತಪ್ಪಾಯಿತು ಎಂದೆ. "ನೀವೊಬ್ರ ಏನ್ ಮಾಡ್ತೀರಿ ಬಿಡ್ರಿ, ನಾವೂ ಹೂಂ ಅಂದೇವಲ್ಲ," ಎಂದಳು. ಆಮೇಲೆ, "ನನ್ನ ಮಗ ಎಜ್‌ವೇರ್‌ನಾಗ ಮನಿ ನೋಡ್ಯಾನ್ರಿ. ಹಾಲ್ ಇತ್ತಂದ್ರ ನಾ ಬರಾಂಗಿಲ್ಲ ಅಂತಿದ್ದೆ. ಈಗ ಯಾವ ನೆಪ ಹೇಳ್ಲಿ?" ಎಂದಳು. ಎಜ್‌ವೇರ್ ಎಂದರೆ ಲಂಡನ್ನಿನ ಇನ್ನೊಂದು ತುದಿ. ಆ ಮಂಡಿ ಇಟ್ಟುಕೊಂಡು ಅವಳು ಬರುವ ಹಾಗಿಲ್ಲ, ಇವಳು ಹೋಗುವ ಹಾಗಿಲ್ಲ. ಗಿರಿಜೆಗೆ ಫೋನು ಕಿವಿಗಿಟ್ಟರೆ ಮಾತು ಹೊರಡುವುದೇ ಇಲ್ಲ. ಎದುರಿಗೆ ಮುಖ ಬೇಕು.

ಹಾಲ್ ಮುಚ್ಚಿದ ದಿನ ಜಾನೆಟ್ ಒಬ್ಬೊಬ್ಬರನ್ನೂ ತಬ್ಬಿ ಬೀಳ್ಕೊಟ್ಟಳು. ನನ್ನನ್ನೂ ತಬ್ಬಿದಳು. ಅವಳ ಕೆಲಸವೂ ಹೋಗಿತ್ತು. ಅವಳಿಗೆ ಸತ್ಯ ಹೇಳುವಷ್ಟು ಇಂಗ್ಲಿಷು ನನ್ನಲ್ಲಿರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಕೊನೆಯ ಮಂಗಳವಾರ

ನನ್ನ ವಾಪಸು ಟಿಕೆಟ್ಟು ಮಂಗಳವಾರಕ್ಕಿತ್ತು. ಮುಂದೂಡಲೇ ಎಂದು ವಿದ್ಯಾಳನ್ನು ಕೇಳಿದೆ. "ಎಷ್ಟ್ ದಿನ ಅಂತ ಮುಂದೆ ಹಾಕ್ತ್ರಿ?" ಎಂದಳು. ವೀಸಾ ಮುಗಿಯುವ ದಿನ ಹೇಗೂ ಒಂದಿತ್ತು. ಆಗ ಗಿರಿಜೆಯ ಜೊತೆ ಹಗಲಿಡೀ ಕನ್ನಡ ಆಡುತ್ತಿದ್ದವಳು ನಾನೊಬ್ಬಳೇ.

ಒಂಬತ್ತೂವರೆಗೆ ಬಾಡಿಗೆ ಗಾಡಿ ಬಂತು. ಬಿಳಿಯ ದೊಡ್ಡ ಗಾಡಿ, ಬಾಗಿಲು ಪಕ್ಕಕ್ಕೆ ಜಾರುವಂಥದ್ದು. ನಾವು ಸೂಟ್‌ಕೇಸು ಇಳಿಸುವಷ್ಟರಲ್ಲಿ ಗಿರಿಜೆ ಕೋಟು ಹಾಕಿ, ಚೀಲ ಹಿಡಿದು ಲಿಫ್ಟಿನಲ್ಲಿ ಇಳಿದು ಬಂದು ಗಾಡಿಯೊಳಗೆ ಕೂತಿದ್ದಳು. ಕಿಟಕಿಯ ಬದಿಯ ಸೀಟು ತನಗೆ, ಪಕ್ಕದ್ದರ ಮೇಲೆ ಚೀಲವಿಟ್ಟು ನನಗೆ ಹಿಡಿದಿದ್ದಳು.

"ಅಮ್ಮ, ಇದ್ ಹಾಲಿಗೆ ಹೋಪು ವ್ಯಾನ್ ಅಲ್ಲ," ಎಂದಳು ವಿದ್ಯಾ. ಗಿರಿಜೆಗೆ ಕೇಳಲಿಲ್ಲವೋ, ಬೇಕಾಗಿರಲಿಲ್ಲವೋ. ಇಳಿಸಲು ಕೈ ಹಿಡಿದರೆ ಸೀಟನ್ನು ಗಟ್ಟಿ ಹಿಡಿದಳು. ಡ್ರೈವರು ಗಡಿಯಾರ ನೋಡಿದ. ಇರಲಿ, ಏರ್‌ಪೋರ್ಟಿಗೆ ಬಂದು ಇದೇ ಗಾಡಿಯಲ್ಲಿ ವಾಪಸಾಗಲಿ ಎಂದು ವಿದ್ಯಾಳೂ ಹತ್ತಿದಳು.

ದಾರಿಯುದ್ದಕ್ಕೂ ಗಿರಿಜೆ ಮಾತಾಡಿದಳು. ಎಷ್ಟೋ ದಿನದಿಂದ ಅಷ್ಟು ಆಡಿರಲಿಲ್ಲ. ಶಾಂತಕ್ಕ ಇವತ್ತು ಬಂದಾಳೋ ಇಲ್ಲವೋ, ಬಂದರೆ ಪತ್ರೊಡೆ ಕೊಡಬೇಕಿತ್ತು, ಮರೆತೆವು. ಹೊರಗೆ ಕುದುರೆಗಳು ಮೇಯುತ್ತಿದ್ದವು. ವಿದ್ಯಾ ಮುಂದಿನ ಸೀಟಿನಿಂದ ಒಮ್ಮೆಯೂ ಹಿಂದೆ ತಿರುಗಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಗಾಡಿ ನಿಲ್ಲಿಸಲು ಕೊಡುವುದೇ ಸ್ವಲ್ಪ ಹೊತ್ತು. ನಾನು ಇಳಿದೆ. ಗಿರಿಜೆಯ ಕೆನ್ನೆ ಮುಟ್ಟಿದೆ. ಅವಳು ನನ್ನ ಸೂಟ್‌ಕೇಸು ನೋಡಿದಳು, ನನ್ನನ್ನು ನೋಡಿದಳು.

"ಎಲ್ಲಿಗ್ ಹೋತೆ ಅಕ್ಕ? ಹೊತ್ತ್ ಮಾಡ್ಬೇಡ. ಇಲ್ಲಿ ಒಂದ್ ಗಂಟಿಗೇ ಬಡ್ಸ್ತ್ರ್."

"ಬತ್ತೆ," ಎಂದೆ.

ಬಾಗಿಲು ಜಾರಿ ಮುಚ್ಚಿತು. ನನ್ನ ಸೀಟಿನ ಮೇಲೆ ಅವಳು ಪುನಃ ಚೀಲ ಇಡುತ್ತಿರುವುದು ಗಾಜಿನಲ್ಲಿ ಕಂಡಿತು.